ಪರದೇಶಕ್ಕೆ ಹೊರಟ ಬಾಲಿಕೆಯ ಪೆಟ್ಟಿಗೆ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಬಾಲಿಕೆಯೊಬ್ಬಳು ಬರುವ ಆಗಸ್ಟ್ ತಿಂಗಳಲ್ಲಿ ಜರ್ಮನಿ ದೇಶಕ್ಕೆ ತೆರಳಿ, ಅಲ್ಲಿಯ ಒಂದು ಕುಟುಂಬದಲ್ಲಿ ವಾಸಮಾಡಿಕೊಂಡು, ಹತ್ತು ತಿಂಗಳ ಪರ್ಯಂತ ಅಲ್ಲಿಯ ಪಾಠಶಾಲೆಯಲ್ಲಿ ಓದುವವಳಿದ್ದಾಳೆ. ಈ ಸಂಗತಿಯನ್ನು ಕೇಳಿ ನಾವೆಲ್ಲರೂ ಬಹಳವಾಗಿ ಸಂತೋಷಪಟ್ಟೆವು. ಆದರೆ ಕಳೆದ ತಿಂಗಳು ಅವಳ ಮನೆಗೆ ಹೋದಾಗ ಕಂಡ ನೋಟವು ನಮ್ಮನ್ನು ಯೋಚನೆಗೀಡುಮಾಡಿತು. ತಾಯಿಯವರು ಪೆಟ್ಟಿಗೆ ತುಂಬುತ್ತಿದ್ದರು; ತಂದೆಯವರು ಅರ್ಜಿಗಳನ್ನು ಬರೆಯುತ್ತಿದ್ದರು; ಅಜ್ಜಿಯವರು ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಹೊರಡತಕ್ಕವಳು ಮಾತ್ರ ಮಂಚದ ತುದಿಯಲ್ಲಿ ಸುಮ್ಮನೆ ಕುಳಿತಿದ್ದಳು. "ಪೆಟ್ಟಿಗೆಯಲ್ಲಿ ಏನೇನಿದೆ, ಮಗೂ?" ಎಂದು ಕೇಳಿದೆವು. "ಅಮ್ಮನಿಗೆ ಗೊತ್ತು, ಟೀಚರ್" ಎಂದಳು.

ಹೈಸ್ಕೂಲಿನ ಮಕ್ಕಳನ್ನು ಹೀಗೆ ಒಂದು ವರ್ಷದ ಮಟ್ಟಿಗೆ ಪರದೇಶದ ಮನೆಗಳಲ್ಲಿ ಇರಿಸುವ ಪದ್ಧತಿಯು ಎರಡನೆಯ ಮಹಾಯುದ್ಧದ ತರುವಾಯ ಬಲಗೊಂಡಿತು. ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಸಂಸ್ಥೆಯವರು 1947ರಲ್ಲಿ ಈ ಕಾರ್ಯವನ್ನು ಕೈಗೊಂಡರು. ಆದರೆ ನಮ್ಮ ದೇಶದ ಕನ್ನಿಕೆಯರು ಸಮುದ್ರ ದಾಟಿದ್ದು ಅದಕ್ಕೂ ಬಹಳ ಮುಂಚೆಯೇ. 1883ರಲ್ಲಿ ಹದಿನೆಂಟು ವರ್ಷದ ಆನಂದಿಬಾಯಿ ಜೋಶಿಯವರು ವೈದ್ಯವಿದ್ಯೆಯನ್ನು ಕಲಿಯಲು ಕಲಕತ್ತೆಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹೊರಡುವ ಮುನ್ನ ಸೆರಾಂಪುರದ ಕಾಲೇಜಿನ ಸಭೆಯಲ್ಲಿ ನಿಂತು, ತಾವು ಏತಕ್ಕೆ ಹೋಗುವೆವೆಂಬುದನ್ನು ತಮ್ಮ ಬಾಯಿಂದಲೇ ವಿವರಿಸಿದರು. ಪತಿಯವರ ಒತ್ತಾಸೆ ಇತ್ತೆಂಬುದು ದಿಟ. ಉತ್ತರ ಕೊಟ್ಟವರು ಮಾತ್ರ ಆಕೆಯೇ. 1886ರಲ್ಲಿ ಪದವಿ ಪಡೆದು ಮರಳಿದ ಆಕೆ 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯರೋಗದಿಂದ ತೀರಿಕೊಂಡರು. ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ನಾವು ಧೈರ್ಯದ ಭಾಗವನ್ನು ವಿಸ್ತರಿಸಿ, ದೇಹದ ಭಾಗವನ್ನು ಹಾರಿಸಿಬಿಡುವುದುಂಟು. ಅದು ಸರಿಯಲ್ಲವೆಂದು ಈಗ ತೋರುತ್ತದೆ.

ಯಾಕೆಂದರೆ ನಮ್ಮದೇ ಒಂದು ತಪ್ಪು ನೆನಪಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ವಿದ್ಯಾರ್ಥಿನಿಯು ಇದೇ ರೀತಿ ಹೊರಟಾಗ, ಅವಳ ಶಿಫಾರಸು ಪತ್ರದಲ್ಲಿ 'ಸ್ವಾವಲಂಬಿ' ಎಂದು ಬರೆದು ರುಜು ಹಾಕಿದವರು ನಾವು. ಅವಳ ಅಂಕಗಳನ್ನು ಬಲ್ಲವರಾಗಿದ್ದೆವು. ಅವಳು ಒಬ್ಬಳೇ ಬಸ್ಸು ಹತ್ತಿದವಳಲ್ಲ, ತನ್ನ ಬಟ್ಟೆಯನ್ನು ತಾನೇ ಒಗೆದವಳಲ್ಲ, ವೈದ್ಯರ ಮುಂದೆ ತಾಯಿಯಿಲ್ಲದೆ ಬಾಯಿ ತೆರೆದವಳಲ್ಲವೆಂಬುದನ್ನು ವಿಚಾರಿಸಲಿಲ್ಲ. ಪರದೇಶದಲ್ಲಿ ಜ್ವರ ಬಂದಾಗ ಮನೆಯವರಿಗೆ ಹೇಳಲು ಸಂಕೋಚಪಟ್ಟು ಎರಡು ದಿನ ಕೋಣೆಯಲ್ಲೇ ಮಲಗಿದ್ದಳಂತೆ. ರಾತ್ರಿ ತಾಯಿಗೆ ಫೋನು ಮಾಡಿ ಅತ್ತಳಂತೆ. ಸಾವಿರಾರು ಮೈಲಿಗಳಾಚೆ ಗೊತ್ತಾದ ಜ್ವರವು ಪಕ್ಕದ ಕೋಣೆಯವರಿಗೆ ಗೊತ್ತಾಗಲಿಲ್ಲ! ಮೂರನೆಯ ತಿಂಗಳಲ್ಲಿ ಹಿಂದಿರುಗಿ ಬಂದಳು. ಊರಿನವರು ಅವಳನ್ನು ಅಂಜುಬುರುಕಿಯೆಂದರು. ಆ ಮಾತಿಗೆ ಪಾತ್ರರಾಗಬೇಕಾದವರು ಅವಳಲ್ಲ. ಸುಳ್ಳು ಪತ್ರಕ್ಕೆ ರುಜು ಹಾಕಿದ ನಾವು.

ಆದುದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಹೊರಡುವುದಕ್ಕೆ ಮೂರು ತಿಂಗಳಿರುವಾಗಲೇ ಸಿದ್ಧತೆಯ ಕೆಲಸವನ್ನು ಹುಡುಗಿಯ ಕೈಗೇ ಒಪ್ಪಿಸಿರಿ. ಅರ್ಜಿಯನ್ನು ಅವಳು ತುಂಬಲಿ; ತಂದೆಯವರು ಓದಿ ನೋಡಲಿ. ತಿಂಗಳ ಖರ್ಚಿಗೆಂದು ಹಣ ಕೊಟ್ಟು ಲೆಕ್ಕ ಬರೆಯಿಸಿರಿ. ಇಪ್ಪತ್ತನೆಯ ತಾರೀಖಿಗೇ ಮುಗಿಸಿಕೊಂಡು ಬಂದರೆ ಮತ್ತೆ ಕೊಡಬೇಡಿರಿ. ಅನ್ನ ಸಾರು ಮಾಡಲು ಬಂದರೆ ಸಾಕು, ಹೋಳಿಗೆ ಬೇಕಿಲ್ಲ. ಫೋನಿನ ವಿಷಯವನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಬೇಸಗೆಯಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅವರು ಊಟಕ್ಕೆ ಕೂಡುವ ಹೊತ್ತಿನಲ್ಲಿ ಇಲ್ಲಿಂದ ಪ್ರತಿದಿನವೂ ಕರೆ ಹೋದರೆ, ಆ ಮನೆಯ ಊಟದ ಮೇಜಿನಲ್ಲಿ ಅವಳ ಕುರ್ಚಿಯೊಂದು ಯಾವಾಗಲೂ ಬರಿದು. ವಾರಕ್ಕೊಮ್ಮೆ ಸಾಕೆಂಬುದು ನಮ್ಮ ಅಭಿಪ್ರಾಯ. ತಾಯಂದಿರಿಗೆ ಇದು ಕಠಿಣವೆಂದು ಬಲ್ಲೆವು.

ಇನ್ನೊಂದು ಮಾತನ್ನು ಮನೆಗಳಲ್ಲಿ ಯಾರೂ ಆಡುವುದಿಲ್ಲ. ಆದಕಾರಣ ನಾವೇ ಆಡುತ್ತೇವೆ. ಹಿರಿಯರ ಮಾತಿಗೆ ಎದುರಾಡಬಾರದೆಂದು ಹೆಣ್ಣುಮಕ್ಕಳಿಗೆ ಕಲಿಸಿದ್ದೇವೆ. ಪರರ ಮನೆಯಲ್ಲಿ ಯಾರ ನಡತೆಯಾದರೂ ಅವಳಿಗೆ ಸರಿಕಾಣದಿದ್ದರೆ, ಅವರು ಎಷ್ಟೇ ಹಿರಿಯರಾಗಿರಲಿ, 'ಬೇಡ' ಎನ್ನಲು, ಆ ಮನೆಯಿಂದ ಎದ್ದುಬರಲು ಅವಳಿಗೆ ನಿಮ್ಮ ಪೂರ್ಣ ಅಪ್ಪಣೆಯಿದೆಯೆಂದು ನೀವು ಬಾಯಿಬಿಟ್ಟು ಹೇಳಬೇಕು. ಏರ್ಪಾಡು ನಡೆಸುವವರ ಪೈಕಿ ಆ ಊರಿನಲ್ಲಿ ಯಾರನ್ನು ಕಾಣಬೇಕೆಂಬುದು ಅವಳಿಗೆ ಗೊತ್ತಿರಬೇಕು. ಆಪತ್ಕಾಲದ 112 ಎಂಬ ಸಂಖ್ಯೆ ಅಲ್ಲಿಯೂ ಇಲ್ಲಿಯೂ ಒಂದೇ. ಅಷ್ಟು ಚಿಕ್ಕವಳಿಗೆ ಇದೆಲ್ಲ ಏತಕ್ಕೆಂದು ಕೇಳುವವರಿಗೆ, ಅಷ್ಟು ಚಿಕ್ಕವಳಾದರೆ ಕಳುಹಿಸುವುದೇತಕ್ಕೆಂದು ನಾವು ಕೇಳುವೆವು.

ಮೊದಲು ಹೇಳಿದ ಬಾಲಿಕೆಯ ಶಿಫಾರಸು ಪತ್ರವು ನಮ್ಮ ಮೇಜಿನ ಮೇಲೆ ಹದಿನೈದು ದಿನ ರುಜುವಿಲ್ಲದೆ ಇದ್ದಿತು. ಕಾರಣವನ್ನು ಅವಳಿಗೇ ತಿಳಿಸಿದೆವು. ಹೋದ ಶನಿವಾರ ಅವಳು ಒಬ್ಬಳೇ ಬಸ್ಸಿನಲ್ಲಿ ಬಂದು ಒಂದು ಪಟ್ಟಿಯನ್ನು ತೋರಿಸಿದಳು. ಪೆಟ್ಟಿಗೆಯನ್ನು ಬಿಚ್ಚಿ, ತೂಕ ಮಾಡಿ, ತಾನೇ ಬರೆದುಕೊಂಡದ್ದು. ಐರೋಪ್ಯ ಒಕ್ಕೂಟದ ದೇಶಗಳೊಳಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರಕೂಡದೆಂಬ ನಿಯಮವನ್ನು ಓದಿ, ಅಜ್ಜಿಯವರ ಪೇಡೆಯನ್ನೂ ತುಪ್ಪದ ಡಬ್ಬಿಯನ್ನೂ ಹೊರಗೆ ತೆಗೆದಿದ್ದಳು. ಅಜ್ಜಿಯವರು ಒಂದು ದಿನವೆಲ್ಲ ಮಾತಾಡಲಿಲ್ಲವಂತೆ. ಉಪ್ಪಿನಕಾಯಿ ಮಾತ್ರ ಉಳಿದಿದೆ. ಪೇಡೆಯಲ್ಲಿ ಅರ್ಧ ನಮಗೆ ಬಂದಿತು. ರುಜುವನ್ನು ಅದಕ್ಕೆ ಮುಂಚೆಯೇ ಹಾಕಿದ್ದೆವು.