ಪದಗಳಿಂದ ಕಟ್ಟಿದ ಗುಹೆ

ಹಳೆಯದೆಲ್ಲವೂ ಚಿನ್ನ ಎನ್ನುವವನು ನಾನಲ್ಲ. ಕಂಪ್ಯೂಟರಿನ ವಿಷಯದಲ್ಲಂತೂ ಹಾಗೆ ಹೇಳುವುದು ನಗೆಪಾಟಲಾದೀತು. ಆದರೂ ಒಂದು ಬಗೆಯ ಹಳೆಯ ಆಟಗಳ ಬಗ್ಗೆ ನನಗೆ ಇಂದಿಗೂ ಮಮತೆ ಉಳಿದಿದೆ. ಚಿತ್ರವಿಲ್ಲದೆ, ಸದ್ದಿಲ್ಲದೆ, ಬರಿಯ ಅಕ್ಷರಗಳಲ್ಲಿಯೇ ನಡೆಯುತ್ತಿದ್ದ ಸಾಹಸದ ಆಟಗಳವು. ನೀವು ನಿಂತಿರುವ ಸ್ಥಳದ ವರ್ಣನೆ ಪರದೆಯ ಮೇಲೆ ನಾಲ್ಕು ಸಾಲಿನಲ್ಲಿ ಮೂಡುತ್ತಿತ್ತು. ಮುಂದೇನು ಮಾಡಬೇಕೆಂಬುದನ್ನು ನೀವು ಮಾತಿನಲ್ಲಿ ಬರೆದು ತಿಳಿಸಬೇಕಿತ್ತು. ಅಷ್ಟೇ ಆಟ.

ಇದರ ಮೂಲಪುರುಷ ಅಮೆರಿಕದ ವಿಲ್ ಕ್ರೌಥರ್. ಇಂದಿನ ಅಂತರ್ಜಾಲಕ್ಕೆ ಪೂರ್ವಜವಾದ ಅರ್ಪಾನೆಟ್‌ಗಾಗಿ ದುಡಿದ ತಂತ್ರಜ್ಞರು. ಗುಹೆಗಳನ್ನು ಶೋಧಿಸುವ ಹವ್ಯಾಸಿಗಳು. ಅವರ ಪತ್ನಿ ಪೆಟ್ರೀಷಿಯಾ ಅವರಿಗೂ ಅದೇ ಹವ್ಯಾಸ. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗೂ ಪಕ್ಕದ ಫ್ಲಿಂಟ್ ರಿಜ್ ಗುಹೆಗಳಿಗೂ ಒಳದಾರಿಯಿದೆಯೆಂದು 1972ರಲ್ಲಿ ಕಂಡುಹಿಡಿದ ತಂಡದಲ್ಲಿ ಆಕೆ ಇದ್ದರು. ಮುಂದೆ ಈ ದಾಂಪತ್ಯ ಮುರಿಯಿತು. ಹೆಣ್ಣುಮಕ್ಕಳಿಂದ ದೂರವಾದ ತಂದೆ, ಅವರು ಬಂದಾಗ ಆಡಲೆಂದು, 1975–76ರ ಸುಮಾರಿಗೆ ತಾವು ತೆವಳಿದ್ದ ಗುಹೆಯನ್ನೇ ಫೋರ್ಟ್ರಾನ್ ಭಾಷೆಯಲ್ಲಿ ಮರುಕಟ್ಟಿದರು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದಕ್ಕೆ ನಿಧಿಗಳನ್ನೂ ಒಗಟುಗಳನ್ನೂ ಸೇರಿಸಿ ಬೆಳೆಸಿದರು. ಅದನ್ನಾಡಿ ಮರುಳಾದ ಎಂಐಟಿಯ ನಾಲ್ವರು ತರುಣರು ಅದೇ ವರ್ಷ ‘ಝೋರ್ಕ್’ ಎಂಬ ಆಟವನ್ನು ಬರೆಯತೊಡಗಿದರು. 1979ರಲ್ಲಿ ಹುಟ್ಟಿದ ಇನ್ಫೋಕಾಮ್ ಸಂಸ್ಥೆ ಅದನ್ನು ಮನೆಮನೆಯ ಕಂಪ್ಯೂಟರುಗಳಿಗೆ ಮುಟ್ಟಿಸಿತು. ಒಬ್ಬ ತಂದೆ ತನ್ನ ಮಕ್ಕಳಿಗಾಗಿ ಹೆಣೆದ ಮಾತಿನ ಮನೆಯಿಂದ ಒಂದು ಉದ್ಯಮವೇ ಬೆಳೆಯಿತು.

ಕ್ರೌಥರ್ ಅವರ ಯಂತ್ರಕ್ಕೆ ತಿಳಿಯುತ್ತಿದ್ದುದು ಎರಡೇ ಪದಗಳ ಆಜ್ಞೆ: ಒಂದು ಕ್ರಿಯಾಪದ, ಒಂದು ಕರ್ಮಪದ. ‘ದೀಪ ತೆಗೆದುಕೋ’, ‘ಬಾಗಿಲು ತೆರೆ’ ಎಂಬಂತೆ. ಇಷ್ಟು ಬಡ ವ್ಯಾಕರಣದಲ್ಲಿ ಎಂಥ ಒಗಟುಗಳಿದ್ದವು ನೋಡಿ. ಗುಹೆಯಲ್ಲೊಂದು ಹಕ್ಕಿ, ಹಿಡಿಯಲು ಪಂಜರವಿದೆ. ಆದರೂ ಹಕ್ಕಿ ಸಿಗದು, ಏಕೆಂದರೆ ನಿಮ್ಮ ಬಳಿ ಇರುವ ಕೋಲಿಗೆ ಅದು ಹೆದರುತ್ತದೆ. ಕೋಲನ್ನು ಕೆಳಗಿಟ್ಟರೆ ಹಕ್ಕಿ ಕೈಸೇರುತ್ತದೆ. ಮುಂದೆ ದಾರಿಗಡ್ಡವಾದ ಹಾವನ್ನು ಅದೇ ಹಕ್ಕಿ ಓಡಿಸುತ್ತದೆ. ಇನ್ನೊಂದೆಡೆ ಎಲ್ಲ ಕೋಣೆಗಳೂ ಒಂದೇ ತೆರನಾಗಿ ಕಾಣುವ ಚಕ್ರವ್ಯೂಹ. ಕೋಣೆಗೊಂದರಂತೆ ಕೈಯಲ್ಲಿದ್ದ ವಸ್ತುಗಳನ್ನು ಗುರುತಿಗೆ ಇಡುತ್ತ, ಕಾಗದದ ಮೇಲೆ ನಕ್ಷೆ ಬರೆದುಕೊಂಡವನೇ ಅದರಿಂದ ಪಾರು.

1984ರಲ್ಲಿ ಭಾರತ ಸರ್ಕಾರದ ‘ಕ್ಲಾಸ್’ ಯೋಜನೆ ಆರಂಭವಾದಾಗ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರುಗಳು ಬಂದವು. ಕೆಲವು ವರ್ಷಗಳ ಬಳಿಕ ನಮ್ಮ ಶಾಲೆಯಲ್ಲಿ ಅದೇ ಜಾತಿಯ ಗುಹೆಯಾಟವನ್ನಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಬ್ಬ ಕೀಲಿಮಣೆಯ ಮುಂದೆ, ಇನ್ನೊಬ್ಬ ನಿಘಂಟು ಹಿಡಿದು, ಮತ್ತೊಬ್ಬಳು ಚೌಕುಳಿ ಪುಸ್ತಕದಲ್ಲಿ ನಕ್ಷೆ ಬರೆಯುತ್ತ. ‘ಅರ್ಥವಾಗಲಿಲ್ಲ’ ಎಂದು ಯಂತ್ರ ಉತ್ತರಿಸಿದಾಗಲೆಲ್ಲ ಇಡೀ ಗುಂಪು ಇನ್ನೊಂದು ಕ್ರಿಯಾಪದಕ್ಕಾಗಿ ತಡಕಾಡುತ್ತಿತ್ತು. ಸಮಾನಾರ್ಥಕ ಪದಗಳ ಪಾಠವನ್ನು ಅಷ್ಟು ಶ್ರದ್ಧೆಯಿಂದ ನನ್ನ ತರಗತಿಯಲ್ಲಿ ಯಾರೂ ಕಲಿಯಲಿಲ್ಲವೆಂಬುದನ್ನು ಒಪ್ಪಲೇಬೇಕು.

ದೋಷಗಳೂ ಇದ್ದವು. ಆಟದ ಕರ್ತೃವಿನ ಮನಸ್ಸಿನಲ್ಲಿದ್ದ ಪದವನ್ನೇ ಊಹಿಸಬೇಕೆಂಬ ಹಟ ಎಷ್ಟೋ ಸಲ ಬುದ್ಧಿಗೆ ಸವಾಲಾಗದೆ ಬರಿಯ ಕಾಟವಾಗುತ್ತಿತ್ತು. ಎಲ್ಲವೂ ಇಂಗ್ಲಿಷಿನಲ್ಲಿದ್ದುದರಿಂದ, ಹಳ್ಳಿಯಿಂದ ಬಂದ ಜಾಣ ಹುಡುಗ ಗುಹೆಯ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಬುದ್ಧಿಯ ಆಟದಲ್ಲಿ ಭಾಷೆ ಸೋಲಿಸುವುದು ನ್ಯಾಯವಲ್ಲ. ಚಿತ್ರವಿರುವ ಆಟಗಳು ಬಂದು ಆ ಅಡ್ಡಗೋಡೆಯನ್ನು ಕೆಡವಿದ್ದು ಒಳ್ಳೆಯದೇ ಆಯಿತು. ಇನ್ಫೋಕಾಮ್ 1986ರಲ್ಲಿ ಆಕ್ಟಿವಿಷನ್ ಸಂಸ್ಥೆಯ ಪಾಲಾಗಿ 1989ರಲ್ಲಿ ಮುಚ್ಚಿತು.

ಆದರೆ ಆ ಗೋಡೆಯೊಡನೆ ಇನ್ನೊಂದೂ ಹೋಯಿತು. ಇಂದಿನ ಯಂತ್ರಕ್ಕೆ ನಾವು ಅರ್ಧ ವಾಕ್ಯ ಬರೆದರೂ ಸಾಕು. ಕಾಗುಣಿತ ತಪ್ಪಿದರೂ, ಕರ್ತೃಪದ ಬಿಟ್ಟರೂ ಅದು ತಾನೇ ಊಹಿಸಿ ಉತ್ತರ ಕೊಡುತ್ತದೆ. ಇದು ಸೌಕರ್ಯ, ಸಂಶಯವಿಲ್ಲ. ಕಣ್ಣು ಮಂಜಾದ ನನಗೂ ಅದರಿಂದ ಉಪಕಾರವೇ ಆಗಿದೆ. ಆದರೆ ಹದಿಮೂರರ ಬಾಲಕನ ಅಸ್ಪಷ್ಟ ಮಾತನ್ನು ಯಂತ್ರವೇ ತಿದ್ದಿಕೊಂಡು ಅರ್ಥಮಾಡಿಕೊಂಡರೆ, ತನ್ನ ಮಾತು ಅಸ್ಪಷ್ಟವಾಗಿತ್ತೆಂಬುದು ಅವನಿಗೆ ತಿಳಿಯುವುದಾದರೂ ಹೇಗೆ? ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳು’ ಎನ್ನುವುದು ಶಿಕ್ಷಕನ ಮಾತುಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು. ಆ ಹಳೆಯ ಆಟ ಬೈಯದೆ, ಬೇಸರಿಸದೆ, ನೂರು ಸಲ ಅದನ್ನೇ ಹೇಳುತ್ತಿತ್ತು. ನಾನು ಹಂಬಲಿಸುವುದು ಆ ಮಾತಿಗಾಗಿ.

ನಿಮ್ಮಲ್ಲಿ ಅನೇಕರು ಇಂದು ತಂತ್ರಾಂಶದ ಕ್ಷೇತ್ರದಲ್ಲಿದ್ದೀರಿ. ಝೋರ್ಕ್‌ನ ಮೊದಲ ಮೂರು ಭಾಗಗಳ ಮೂಲಸಂಕೇತವನ್ನು ಮೈಕ್ರೋಸಾಫ್ಟ್ 2025ರಲ್ಲಿ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದೆ, ಬಿಡುವಾದಾಗ ಓದಿ. ಬಳಿಕ ಕನ್ನಡದಲ್ಲೊಂದು ಇಂಥ ಆಟವನ್ನು ಬರೆಯಿರಿ. ನಮ್ಮ ವಿಭಕ್ತಿ ಪ್ರತ್ಯಯಗಳು ಇದಕ್ಕೆ ಹೇಳಿಮಾಡಿಸಿದಂತಿವೆ: ‘ಕೀಲಿಯಿಂದ ಪೆಟ್ಟಿಗೆಯನ್ನು ತೆರೆ’ ಎಂದಾಗ ಯಾವುದು ಸಾಧನ, ಯಾವುದು ಕರ್ಮ ಎಂಬುದು ಪದದ ಕೊನೆಯಲ್ಲೇ ಇದೆ. ಗುಹೆಯೇ ಬೇಕೆಂದಿಲ್ಲ, ನಿಮ್ಮ ಅಜ್ಜನ ತೊಟ್ಟಿಮನೆಯೂ ಆದೀತು. ಕತ್ತಲೆಯ ನಡುಮನೆಯಲ್ಲಿ ನಿಂತ ನಿಮ್ಮ ಮಗಳು ಸರಿಯಾದ ಪದ ಹುಡುಕಿ ದೀಪ ಹಚ್ಚಲಿ.