ಮೀಟರಿಗೊಂದು ಆಸರೆ

ಹಿರಿಯರಿಂದ ಮಕ್ಕಳಿಗೆ ಬರುವ ಸ್ವತ್ತಿನ ಪಟ್ಟಿಯಲ್ಲಿ ಗದ್ದೆ, ತೋಟ, ಒಡವೆ, ಪಾತ್ರೆಗಳ ಜೊತೆಗೆ ಈಗ ಮೋಟಾರ್‌ಸೈಕಲ್ಲೂ ಸೇರಿಕೊಂಡಿರುವುದನ್ನು ವಾಚಕರು ಗಮನಿಸಿರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ದಿ ಗಾಡಿಗಳೂ, ಮದರಾಸಿನ ತಿರುವೊತ್ತಿಯೂರಿನಿಂದ ಬಂದ ಬುಲೆಟ್ಟುಗಳೂ ಶಿವಮೊಗ್ಗದ ಎಷ್ಟೋ ಮನೆಗಳ ಹಿತ್ತಿಲ ಸೂರಿನಡಿಯಲ್ಲಿ ಗೋಣಿತಟ್ಟು ಹೊದ್ದು ಇಂದಿಗೂ ನಿಂತಿರುವುವು. ತಂದೆಯು ಓಡಿಸಿದ ಗಾಡಿಯನ್ನು ಮಗನು ಹೊರಗೆಳೆದು, ತೊಳೆದು, ತನ್ನ ಕಾಲದ ರುಚಿಗೆ ತಕ್ಕಂತೆ ಮಾರ್ಪಡಿಸಲು ತೊಡಗುವುದು ಸಹಜವೇ. ಅಜ್ಜಿಯ ಅಡ್ಡಿಕೆಯನ್ನು ಮುರಿಸಿ ಮೊಮ್ಮಗಳು ಬಳೆ ಮಾಡಿಸಿಕೊಂಡರೆ ನಾವು ಆಕ್ಷೇಪಿಸುವುದಿಲ್ಲವಷ್ಟೆ?

ಆದರೆ ಈ ಹಳೆಯ ಗಾಡಿಗಳಲ್ಲಿ ಒಂದು ತೊಡಕುಂಟು. ವೇಗವನ್ನು ತೋರುವ ಮೀಟರಿಗೆ ಅವುಗಳಲ್ಲಿ ಸ್ವಂತ ಮನೆಯಿಲ್ಲ. ಜಾವಾದಲ್ಲಿ ಅದು ಮುಂದಿನ ದೀಪದ ಡೂಮಿನ ನೆತ್ತಿಯಲ್ಲಿಯೇ ಹುದುಗಿರುವುದು. ಹಳೆಯ ಬುಲೆಟ್ಟಿನಲ್ಲಿ ದೀಪ, ಮೀಟರು, ಆಮ್‌ಮೀಟರು ಮೂರನ್ನೂ ಒಂದೇ ಕವಚವು ಹೊತ್ತಿರುವುದು. ಅಂದಕ್ಕಾಗಿ ಆ ಕವಚವನ್ನು ಕಳಚಿ ಚಿಕ್ಕ ದೀಪವನ್ನು ಕೂರಿಸಿದೊಡನೆ ಮೀಟರು ನಿರಾಶ್ರಿತವಾಗುವುದು. ಆಗ ಅದಕ್ಕೊಂದು ಪಟ್ಟಿಯ ಆಸರೆ ಬೇಕಾಗುವುದು. ಅಂಗಡಿಯವರು ಇದನ್ನು ಬ್ರಾಕೆಟ್ಟು ಎನ್ನುವರು. ಗೋಡೆಯಿಂದ ಹೊರಚಾಚಿ ವೀಣೆ ಮುಂತಾದುವನ್ನು ಹೊರುವ ಗೂಟಕ್ಕೆ ಸಂಸ್ಕೃತದಲ್ಲಿ ನಾಗದಂತವೆಂಬ ಸೊಗಸಾದ ಹೆಸರುಂಟು; ಆದರೆ ಗ್ಯಾರೇಜಿನಲ್ಲಿ ಆ ಮಾತನ್ನಾಡಿದರೆ ಕೆಲಸ ನಡೆಯದಾದ್ದರಿಂದ ನಾವೂ ಬ್ರಾಕೆಟ್ಟೆಂದೇ ಕರೆಯುವೆವು.

ನಮ್ಮ ಬೀದಿಯ ತರುಣನೊಬ್ಬನು ಕಾಲವಾದ ತನ್ನ ತಂದೆಯ ಬುಲೆಟ್ಟಿಗೆ ಹೀಗೆಯೇ ಒಂದು ಬ್ರಾಕೆಟ್ಟನ್ನು ಹಾಕಿಸಿಕೊಂಡಿದ್ದನು. ತೆಳುವಾದ ಅಲ್ಯುಮಿನಿಯಂ ಪಟ್ಟಿ. ನೋಡಲು ಕನ್ನಡಿಯಂತೆ ಹೊಳೆಯುತ್ತಿತ್ತು. ಭದ್ರಾವತಿಗೆ ಹೋಗುವ ದಾರಿಯಲ್ಲಿ, ಮಾಚೇನಹಳ್ಳಿಯನ್ನು ಸಮೀಪಿಸುವಾಗ, ಆ ಪಟ್ಟಿಯು ಮುರಿಯಿತು. ಮೀಟರು ಕೇಬಲಿನಿಂದ ಜೋತು, ಹ್ಯಾಂಡಲ್ಲಿಗೂ ಪೆಟ್ರೋಲ್ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತು. ಹ್ಯಾಂಡಲ್ಲು ತಿರುಗದೆ ಗಾಡಿಯು ರಸ್ತೆಯಿಂದಿಳಿದು ಉರುಳಿತು. ಹಿಂದೆ ಲಾರಿಯಿಲ್ಲದಿದ್ದುದರಿಂದ ಹುಡುಗನ ಮಣಿಕಟ್ಟು ಮಾತ್ರ ಮುರಿಯಿತು. ಅವನ ತಾಯಿಯು ನಮ್ಮಲ್ಲಿಗೆ ಬಂದು, “ಅವರ ನೆನಪಿಗೆ ಅಂತ ಇಟ್ಕೊಂಡಿದ್ದೆ ಮೇಷ್ಟ್ರೇ. ಇನ್ನು ಬೇಡ, ಗುಜರಿಗೆ ಹಾಕ್ಸಿಬಿಡಿ” ಎಂದು ಕಣ್ಣೊರಸಿಕೊಂಡರು. ಮುರಿದ ಪಟ್ಟಿಯನ್ನು ಬಲ್ಲವರಿಗೆ ತೋರಿಸುವವರೆಗೆ ತಡೆಯಬೇಕೆಂದು ನಾವು ಕೇಳಿಕೊಂಡೆವು.

ಲೋಹದ ವಿಷಯದಲ್ಲಿ ಬಲ್ಲವರನ್ನು ಹುಡುಕಲು ಈ ಸೀಮೆಯವರು ದೂರ ಹೋಗಬೇಕಾದ್ದಿಲ್ಲ. ಬೆಂಕಿಪುರವೆಂಬುದು ಭದ್ರಾವತಿಯ ಹಳೆಯ ಹೆಸರು. 1923ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು ಉರಿಯತೊಡಗಿದಾಗ ಆ ಹೆಸರು ಎರಡನೆಯ ಸಲ ಅನ್ವರ್ಥವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ಇವೆರಡರಿಂದ ಅಲ್ಲಿ ಕಬ್ಬಿಣವು ಹರಿಯಿತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ತಳೆದ ಆ ಕಾರ್ಖಾನೆಯು 1989ರಲ್ಲಿ ಸ್ಟೀಲ್ ಅಥಾರಿಟಿಯ ಆಡಳಿತಕ್ಕೆ ಸೇರಿತು. ಅಲ್ಲಿನ ಕೆಲಸವೂ ಕೆಲಸಗಾರರ ಸಂಖ್ಯೆಯೂ ಮೊದಲಿನಂತಿಲ್ಲವಾದರೂ, ಅಲ್ಲಿ ಕೈ ಪಳಗಿಸಿ ನಿವೃತ್ತರಾದ ಅನೇಕರು ಊರಲ್ಲಿರುವರು. ಅಂತಹ ಒಬ್ಬ ವೃದ್ಧರು ತಮ್ಮ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಒಂದು ವೈಸು, ಒಂದು ಡ್ರಿಲ್ಲು, ಹತ್ತಾರು ಅರಗಳನ್ನಿಟ್ಟುಕೊಂಡು ಸಣ್ಣಪುಟ್ಟ ಕೆಲಸ ಮಾಡುತ್ತಿರುವರು. ಕೈಗೆ ಕಟ್ಟು ಹಾಕಿಕೊಂಡಿದ್ದ ಹುಡುಗನನ್ನು ಕರೆದುಕೊಂಡು ನಾವು ಅವರಲ್ಲಿಗೆ ಹೋದೆವು.

ಅವರು ಮುರಿದ ಅಂಚನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ಅಂಚಿನ ಮುಕ್ಕಾಲು ಭಾಗವು ನುಣ್ಣಗೆ ಮಾಸಲಾಗಿತ್ತು. ಉಳಿದ ಕಾಲು ಭಾಗವು ಮುರಿದ ಕಲ್ಲುಸಕ್ಕರೆಯಂತೆ ಒರಟಾಗಿ ಹೊಳೆಯುತ್ತಿತ್ತು. “ಇದು ಆವತ್ತು ಮುರಿದಿದ್ದಲ್ಲ ಮೇಷ್ಟ್ರೇ. ಒಳಮೂಲೇಲಿ ಬಿರುಕು ಬಿಟ್ಟು ದಿನಾ ಒಂದೊಂದು ಕೂದಲೆಳೆ ಮುಂದೆ ಹೋಗಿದೆ. ಮಾಸಲಾಗಿರೋದೆಲ್ಲ ಹಳೇದು. ಹೊಳೀತಾ ಇರೋದು ಮಾತ್ರ ಆವತ್ತಿಂದು” ಎಂದರು. ಬಳಿಕ ಹುಡುಗನತ್ತ ತಿರುಗಿ, “ವೈಸಲ್ಲಿ ಹಿಡಿದು ಸುತ್ತಿಗೇಲಿ ಹೊಡೆದು ಮಡಿಸಿದಾರೆ, ನೋಡು ಮಗಾ” ಎಂದು ತೋರಿಸಿದರು. ಮಡಿಕೆಯು ಕಾಗದವನ್ನು ಮಡಿಸಿದಷ್ಟು ಚೂಪಾಗಿತ್ತು.

ಲೋಹವು ಒಂದೇ ದೊಡ್ಡ ಏಟಿಗೆ ಮುರಿಯುವುದು ವಿರಳ. ಲಕ್ಷಾಂತರ ಸಣ್ಣ ನಡುಕಗಳಿಂದ ದಣಿದು ಮುರಿಯುವುದೇ ಹೆಚ್ಚು. ಬುಲೆಟ್ಟಿನ ಒಂಟಿ ಪಿಸ್ಟನ್ನಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಗಾಡಿಯನ್ನು ಅಲುಗಿಸುವುದು. ಒಂದು ಗಂಟೆಯ ಪ್ರಯಾಣಕ್ಕೆ 1,80,000 ಸಲವಾಯಿತು. ಉಕ್ಕಿಗೆ ಒಂದು ಮಿತಿಯುಂಟು; ಒತ್ತಡವು ಅದರೊಳಗಿದ್ದರೆ ಎಷ್ಟು ಸಲ ಅಲುಗಿಸಿದರೂ ಸಹಿಸಿಕೊಳ್ಳುವುದು. ಅಲ್ಯುಮಿನಿಯಮಿಗೆ ಅಂತಹ ನಿಶ್ಚಿತವಾದ ಮಿತಿಯಿಲ್ಲ. ಆದ್ದರಿಂದ ಅಲ್ಯುಮಿನಿಯಂ ಸರ್ವಥಾ ನಿಷಿದ್ಧವೆಂದಲ್ಲ. ದಪ್ಪನಾಗಿದ್ದು, ಮಡಿಕೆಯು ದುಂಡಗಿದ್ದರೆ ಅದೂ ಬಾಳುವುದು. ಆದರೆ ಮನೆಯಲ್ಲಿಯೇ ಮಾಡುವವರಿಗೆ 3 ಮಿಲ್ಲಿಮೀಟರು ದಪ್ಪದ ಸಾಧಾರಣ ಎಂ.ಎಸ್. ಶೀಟೇ ನಂಬಿಕೆಯದು.

ಇನ್ನು ರಚನೆಯ ಕ್ರಮ. ಬಹಳ ಮಂದಿ ಕಬ್ಬಿಣದಿಂದ ಆರಂಭಿಸುವರು, ಆರಂಭಿಸಬೇಕಾದದ್ದು ಕಣ್ಣಿನಿಂದ. ಸವಾರನು ಎಂದಿನಂತೆ ಗಾಡಿಯ ಮೇಲೆ ಕುಳಿತಿರಲು, ಮತ್ತೊಬ್ಬರು ಮೀಟರು ಬರತಕ್ಕ ಸ್ಥಳದಲ್ಲಿ ಪುಟ್ಟ ಕನ್ನಡಿಯೊಂದನ್ನು ಹಿಡಿದು, ಸವಾರನಿಗೆ ಅದರಲ್ಲಿ ತನ್ನ ಕಣ್ಣುಗಳೇ ಕಾಣುವವರೆಗೆ ಓರೆಮಾಡುತ್ತ ಬರಬೇಕು. ಮೀಟರಿನ ಮುಖಕ್ಕೆ ಅದೇ ಸರಿಯಾದ ಓರೆ. ಗಾಜಿನ ಮೇಲೆ ಆಕಾಶದ ಪ್ರತಿಬಿಂಬ ಬಿದ್ದು ಅಂಕಿಗಳು ಮರೆಯಾಗುವ ಕಾಟವೂ ಇದರಿಂದ ತಪ್ಪುವುದು. ನಮ್ಮ ಹುಡುಗನಿಗೆ ಕನ್ನಡಿಯನ್ನು ಹಿಡಿದವರು ಅವನ ತಾಯಿಯೇ. ಅವರ ಕುಂಕುಮದ ಪೆಟ್ಟಿಗೆಯ ಕನ್ನಡಿಯದು. ಗುಜರಿಯ ಮಾತು ಅಂದಿನಿಂದ ನಿಂತಿದೆ.

ಓರೆಯು ನಿಶ್ಚಯವಾದ ಮೇಲೆ ರಟ್ಟಿನಲ್ಲಿ ಮಾದರಿಯನ್ನು ಮಾಡಬೇಕು. ಲಗ್ನಪತ್ರಿಕೆಯ ದಪ್ಪ ರಟ್ಟು ಇದಕ್ಕೆ ಬಹಳ ಅನುಕೂಲ, ಮತ್ತು ಯಾವ ಮನೆಯಲ್ಲಿಯೂ ಅದಕ್ಕೆ ಕೊರತೆಯಿಲ್ಲ. ಬ್ರಾಕೆಟ್ಟನ್ನು ಗಾಡಿಯ ಯಾವ ಬೋಲ್ಟುಗಳಿಗೆ ಬಿಗಿಯಬೇಕೋ ಅವುಗಳ ಗುರುತನ್ನು ಒತ್ತಿ ತೆಗೆದು, ಕತ್ತರಿಸಿ, ಮಡಿಸಿ, ಗಾಡಿಗೆ ಹಿಡಿದು ನೋಡಿ, ಮೂರು ನಾಲ್ಕು ಸಲ ತಿದ್ದಬೇಕು. ಆಸರೆಯು ಎಷ್ಟು ಗಿಡ್ಡವಾಗಿದ್ದರೆ ಅಷ್ಟು ಲೇಸು. ಅದೇ ಭಾರಕ್ಕೆ, ಪಟ್ಟಿಯ ಉದ್ದವು ಎರಡರಷ್ಟಾದರೆ ಬಾಗು ಎಂಟರಷ್ಟಾಗುವುದು. ದಪ್ಪವು ಎರಡರಷ್ಟಾದರೆ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುವುದು. ದಪ್ಪವನ್ನು ಹೆಚ್ಚಿಸುವ ಬದಲು ಪಟ್ಟಿಯ ಎರಡು ಅಂಚುಗಳನ್ನು ಉದ್ದಕ್ಕೂ ಕೆಳಗೆ ಮಡಿಸಿದರೂ ಬಿಗುವು ಬರುವುದು.

ಮಡಿಸುವುದರಲ್ಲಿ ವೃದ್ಧರು ಹೇಳಿದ ಎರಡು ಮಾತುಗಳು ಬರೆದಿಡತಕ್ಕವು. ಮರಕ್ಕಿರುವಂತೆ ಶೀಟಿಗೂ ಒಂದು ನಾರುಂಟು. ರೋಲಿಂಗ್ ಯಂತ್ರದಲ್ಲಿ ಅದು ಯಾವ ಕಡೆಗೆ ಎಳೆಯಲ್ಪಟ್ಟಿತೋ ಆ ಕಡೆಗೆ ಸೂಕ್ಷ್ಮವಾದ ಗೀರುಗಳು ಕಾಣುವುವು. ಮಡಿಕೆಯು ಆ ಗೀರುಗಳಿಗೆ ಅಡ್ಡಲಾಗಿ ಬರಬೇಕೇ ಹೊರತು ಅವುಗಳ ಉದ್ದಕ್ಕೂ ಬರಬಾರದು. ಎರಡನೆಯದಾಗಿ, ಮಡಿಕೆಯ ಒಳಗಿನ ದುಂಡು ಶೀಟಿನ ದಪ್ಪಕ್ಕಿಂತ ಕಡಿಮೆಯಿರಬಾರದು. ಹೀಗೆ ದುಂಡಗೆ ಮಡಿಸಿದಾಗ ಅಳತೆಯೂ ಸ್ವಲ್ಪ ವ್ಯತ್ಯಾಸವಾಗುವುದು: 3 ಮಿಲ್ಲಿಮೀಟರಿನ ಶೀಟಿನಲ್ಲಿ ಹೊರಗಿನಿಂದ 40 ಮಿಲ್ಲಿಮೀಟರಿನ ಎರಡು ತೋಳುಗಳು ಬೇಕಾದರೆ 80 ಕತ್ತರಿಸಬಾರದು, ಸುಮಾರು 75 ಸಾಕು. ಈ ಲೆಕ್ಕವನ್ನರಿಯದವರು ರಂಧ್ರಗಳು ಕೂಡುತ್ತಿಲ್ಲವೆಂದು ಡ್ರಿಲ್ಲನ್ನು ಬೈಯುವರು. ಕತ್ತರಿಸಿದ ಅಂಚುಗಳನ್ನೂ ರಂಧ್ರಗಳ ಬಾಯನ್ನೂ ಅರದಿಂದ ಉಜ್ಜಿ ನಯಮಾಡಬೇಕು. ಬಿರುಕು ಹುಟ್ಟುವುದು ಗೀಚಿನಲ್ಲಿಯೇ. ಲೇಸರಿನಿಂದ ಕತ್ತರಿಸುವ ಯಂತ್ರಗಳು ಈಗ ಬಂದಿರುವುದರಿಂದ ರಟ್ಟಿನ ಮಾದರಿಯನ್ನು ಕೊಟ್ಟು ಅಲ್ಲಿಯೂ ಮಾಡಿಸಬಹುದು. ಆದರೆ ದುಂಡನ್ನೂ ನಾರಿನ ದಿಕ್ಕನ್ನೂ ಬಾಯಿಬಿಟ್ಟು ಹೇಳಬೇಕು.

ಮೀಟರನ್ನು ನೇರವಾಗಿ ಕಬ್ಬಿಣಕ್ಕೆ ಬಿಗಿಯದೆ ನಡುವೆ ರಬ್ಬರ್ ಬುಷ್ಷುಗಳನ್ನಿಡತಕ್ಕದ್ದು. ಬುಷ್ಷಿನೊಳಗೆ ಚಿಕ್ಕ ಕಬ್ಬಿಣದ ಕೊಳವೆಯಿರಲಿ. ಇಲ್ಲದಿದ್ದರೆ ನಟ್ಟು ಬಿಗಿದಂತೆಲ್ಲ ರಬ್ಬರು ಹಿಚುಕಿಹೋಗಿ ನಿಷ್ಪ್ರಯೋಜಕವಾಗುವುದು. ಆದರೆ ರಬ್ಬರು ವಿದ್ಯುತ್ತನ್ನು ಹರಿಯಗೊಡದು, ಬಣ್ಣವೂ ಹರಿಯಗೊಡದು. ಹೊಸ ಬ್ರಾಕೆಟ್ಟನ್ನು ಹಾಕಿದ ರಾತ್ರಿಯೇ ಮೀಟರಿನ ದೀಪವು ಆರಿಹೋಯಿತೆಂದು ದೂರುವವರು ಅರ್ಥಿಂಗಿಗೆಂದು ಬೇರೆ ತಂತಿಯೊಂದನ್ನು ಎಳೆದರೆ ಸಾಕು. ಮಲೆನಾಡಿನ ಮಳೆಗೆ ಬಣ್ಣದಡಿಯಲ್ಲಿ ರೆಡ್ ಆಕ್ಸೈಡು ಅವಶ್ಯಕ.

ಕೇಬಲಿನ ವಿಷಯವು ಪ್ರಾಣಕ್ಕೆ ಸಂಬಂಧಪಟ್ಟದ್ದು. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಮುಂದಿನ ಫೋರ್ಕನ್ನು ಒತ್ತಿಯೂ ಎತ್ತಿಯೂ ನೋಡಬೇಕು. ಯಾವ ಸ್ಥಿತಿಯಲ್ಲಿಯೂ ಕೇಬಲು ಬಿಗಿಯಬಾರದು, ಚೂಪಾಗಿ ಬಳುಕಬಾರದು, ಬ್ರಾಕೆಟ್ಟು ಟ್ಯಾಂಕನ್ನು ಮುಟ್ಟಬಾರದು. ಬೇರೊಂದು ಗಾಡಿಯ ಮೀಟರನ್ನು ತಂದು ಹಾಕಿದ್ದರೆ ಅದು ಸುಳ್ಳು ಹೇಳುವ ಸಂಭವವುಂಟು, ಏಕೆಂದರೆ ಚಕ್ರಕ್ಕೂ ಕೇಬಲಿಗೂ ಇರುವ ಸುತ್ತಿನ ಪ್ರಮಾಣವು ಗಾಡಿಯಿಂದ ಗಾಡಿಗೆ ಬೇರೆಯಾಗಿರುವುದು. ಮುಳ್ಳನ್ನು 40ರಲ್ಲಿ ನಿಲ್ಲಿಸಿಕೊಂಡು, ಹಿಂದೆ ಕುಳಿತವರ ಕೈಯಲ್ಲಿ ಗಡಿಯಾರವನ್ನು ಕೊಟ್ಟು, ಕಿಲೋಮೀಟರು ಕಲ್ಲಿನಿಂದ ಕಲ್ಲಿಗೆ ಎಣಿಸಲಿ: 90 ಸೆಕೆಂಡು ಹಿಡಿದರೆ ಮೀಟರು ಸತ್ಯವಾದಿ. ಮೀಟರು ಸದಾ ಸವಾರನಿಗೆ ಕಾಣುವಂತಿರಬೇಕೆಂಬುದು 1989ರ ಮೋಟಾರು ವಾಹನ ನಿಯಮಗಳಲ್ಲಿಯೂ ಉಂಟು. ನೋಂದಣಿ ಪತ್ರದ ವಿವರಗಳಿಗೆ ವಿರುದ್ಧವಾಗುವ ಮಾರ್ಪಾಟನ್ನು 1988ರ ಕಾಯಿದೆಯ 52ನೆಯ ಪ್ರಕರಣವು ನಿಷೇಧಿಸುವುದೆಂಬುದನ್ನೂ ತರುಣರು ನೆನಪಿನಲ್ಲಿಡಲಿ.

ಮೊದಲ 200 ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಅನಂತರ ತಿಂಗಳಿಗೊಮ್ಮೆ ಮಡಿಕೆಯನ್ನೂ ರಂಧ್ರಗಳ ಸುತ್ತನ್ನೂ ನೋಡತಕ್ಕದ್ದು. ಬಣ್ಣದ ಮೇಲೆ ಕೂದಲಿನಂತಹ ಗೆರೆ ಕಂಡರೆ ಅಲ್ಲಿ ಬಣ್ಣವನ್ನು ಕೆರೆದು, ಸೀಮೆಎಣ್ಣೆಯನ್ನೋ ಡೀಸೆಲನ್ನೋ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಉಜ್ಜಬೇಕು. ಬಿರುಕಿದ್ದರೆ ಅದರೊಳಗೆ ಅಡಗಿದ್ದ ಎಣ್ಣೆಯು ಸುಣ್ಣಕ್ಕೆ ಹೀರಿಕೊಂಡು ಕಪ್ಪು ಗೆರೆಯಾಗಿ ಮೂಡುವುದು. ಹಾಗೆ ಮೂಡಿದ ಬ್ರಾಕೆಟ್ಟಿಗೆ ವೆಲ್ಡಿಂಗಿನ ತೇಪೆ ಹಾಕಿಸದೆ, ರಟ್ಟಿನ ಮಾದರಿಯಿದ್ದೇ ಇರುವುದರಿಂದ, ಹೊಸದನ್ನೇ ಕತ್ತರಿಸಿಕೊಳ್ಳಬೇಕು.