ಬ್ಯಾಟರಿ ರೈಲು ಮೋಸ ಅಲ್ಲ ಕಣ್ರೋ

1/5
ಹೋದ ವಾರ ಎರಡು ವಿಡಿಯೋ ಹಾಕಿದ್ದೆ. ಇಲ್ಲಿ ಶೆಫೀಲ್ಡ್‌ನಲ್ಲಿ ನಮ್ಮ ಪಕ್ಕದ ಮನೆ ತಾತನ ಹಿತ್ತಲಲ್ಲಿ ಓಡೋ ರೈಲುಗಳದ್ದು. ಉಗಿ ಇಂಜಿನ್ನಿಗೆ ಹಾರ್ಟ್ ಮೇಲೆ ಹಾರ್ಟ್ ಸುರಿಸಿದ್ರಿ. ಬ್ಯಾಟರಿ ಇಂಜಿನ್ನಿಗೆ ಬಂದಿದ್ದೇನು? "ಮೋಸ ಗುರು ಇದು." "ಜಾತ್ರೆ ಆಟಿಕೆ." "ಸೆಲ್ ಹಾಕಿದ್ರೆ ನಮ್ಮನೆ ಪಾಪುನೂ ಓಡಿಸ್ತಾನೆ." ಇದಕ್ಕೆ ಕಾಮೆಂಟಲ್ಲಿ ಉತ್ತರ ಕೊಟ್ಟರೆ ಸಾಲಲ್ಲ. ಕೊನೇ ಫೋಟೋವರೆಗೂ ಓದಿ, ಆಮೇಲೆ ಬೈಯಿರಿ.

2/5
ಮೊದಲೇ ಹೇಳಿಬಿಡ್ತೀನಿ, ನನಗೂ ಉಗಿಯ ಹುಚ್ಚಿದೆ. ಈ ಫೋಟೋದಲ್ಲಿರೋ ಇಂಜಿನ್ ಒಂದು ಮೊಳಕ್ಕಿಂತ ಗಿಡ್ಡ. ಬಾಯ್ಲರಿಗೆ ಡಿಸ್ಟಿಲ್ಡ್ ವಾಟರ್, ಟ್ಯಾಂಕಿಗೆ ಬ್ಯೂಟೇನ್, ಸಿಲಿಂಡರಿಗೆ ಹೋಗೋ ಉಗಿ ಜೊತೆ ಬೆರೆಯಲು ದಪ್ಪನೆ ಎಣ್ಣೆ. ಹಚ್ಚಿ ಸ್ವಲ್ಪ ಹೊತ್ತು ಕಾದರೆ ಮುಳ್ಳು 40 ಪಿಎಸ್‌ಐ ಹತ್ತಿರ ಬರುತ್ತೆ. ಆಗ ಸೇಫ್ಟಿ ವಾಲ್ವ್ ಸುಯ್ ಅನ್ನುತ್ತೆ ನೋಡಿ, ಅಮ್ಮನ ಕುಕ್ಕರ್ ನೆನಪಾಗುತ್ತೆ. ನೀರಿಗಿಂತ ಮೊದಲು ಗ್ಯಾಸ್ ಮುಗಿಯೋ ಹಾಗೆ ಅಳತೆ ಇಟ್ಟಿರ್ತಾರೆ, ಖಾಲಿ ಬಾಯ್ಲರ್ ಸುಡಬಾರದಲ್ಲ. (ನಾವು ಪರೀಕ್ಷೆಗೆ ರ್‍ಯಾಂಕಿನ್ ಸೈಕಲ್ ಎಷ್ಟು ಸಲ ಬರೆದ್ವಿ! ಒಬ್ಬರಾದರೂ ಸೇಫ್ಟಿ ವಾಲ್ವ್ ಮುಟ್ಟಿದ್ವಾ?)

ಇದರ ಮುಂದೆ ಬ್ಯಾಟರಿ ಸಪ್ಪೆ ಅನ್ನಿ, ಒಪ್ತೀನಿ. ಸ್ಪೀಕರಿಂದ ಬರೋ ಚುಕುಬುಕು ನನಗೂ ಆಗಲ್ಲ. ಆದರೆ ಮೋಸ?

3/5
ಈ ಹಳಿ ನೋಡಿ. ಅಗಲ 32 ಮಿಲಿಮೀಟರ್. ಅಡಿಗೆ 16 ಮಿಲಿಮೀಟರ್ ಲೆಕ್ಕ, ಅಂದರೆ ಎರಡಡಿ ಅಗಲದ ನಿಜವಾದ ರೈಲಿನ ಪಡಿಯಚ್ಚು. ಡಾರ್ಜಿಲಿಂಗ್ ರೈಲಿನ ಅಗಲವೂ ಅದೇ ಎರಡಡಿ. ಈ ಹಳಿಯಲ್ಲಿ ಕರೆಂಟ್ ಇಲ್ಲ. ಕೆಲವರ ತೋಟಗಳಲ್ಲಿ ಹಳಿಗೇ ಕರೆಂಟ್ ಕೊಡ್ತಾರೆ. ಮಳೆ, ತರಗೆಲೆ, ಗೊಂಡೆಹುಳದ ಲೋಳೆ, ಕಿಲುಬು... ದಿನಾ ಹಳಿ ಉಜ್ಜೋದೇ ಕೆಲಸ. ಉಗಿ ಇಂಜಿನ್ ತನ್ನ ಬೆಂಕಿಯನ್ನ ತಾನೇ ಹೊತ್ತು ಓಡುತ್ತೆ. ಬ್ಯಾಟರಿ ಇಂಜಿನ್ನೂ ತನ್ನ ಬುತ್ತಿಯನ್ನ ತಾನೇ ಕಟ್ಕೊಂಡು ಓಡುತ್ತೆ. ಅದಕ್ಕೇ ಎರಡೂ ಒಂದೇ ಹಳಿ ಮೇಲೆ ತಕರಾರಿಲ್ಲದೆ ಹೋಗ್ತವೆ. ಒಂದು ಅಸಲಿ, ಇನ್ನೊಂದು ನಕಲಿ ಅನ್ನೋದು ಯಾವ ಲೆಕ್ಕ ಮಗಾ?

4/5
"ನಿಜವಾದ ರೈಲು ಬ್ಯಾಟರಿಲಿ ಎಲ್ಲಿ ಓಡ್ತಿತ್ತು?" ಅಂದವರಿಗೆ. 1842ರಲ್ಲೇ ರಾಬರ್ಟ್ ಡೇವಿಡ್‌ಸನ್ ಎಂಬ ಸ್ಕಾಟ್ಲೆಂಡಿನವ ಎಡಿನ್‌ಬರೋ–ಗ್ಲಾಸ್ಗೋ ಮಾರ್ಗದಲ್ಲಿ ಬ್ಯಾಟರಿ ಇಂಜಿನ್ ಓಡಿಸಿ ತೋರಿಸಿದ್ದ. ವೇಗ ಗಂಟೆಗೆ ನಾಲ್ಕು ಮೈಲಿ, ನಮ್ಮ ಸಿಲ್ಕ್ ಬೋರ್ಡ್ ಟ್ರಾಫಿಕ್ ಲೆಕ್ಕಕ್ಕೆ ಪರವಾಗಿಲ್ಲ. ಉಗಿ ಇಂಜಿನ್ನಿನ ಕೆಲಸಗಾರರು ಹೊಟ್ಟೆಪಾಡು ಹೋಗುತ್ತೆ ಅಂತ ಹೆದರಿ ಅದನ್ನ ಒಡೆದು ಹಾಕಿದರು ಅಂತ ಕಥೆ ಇದೆ. 1917ರಲ್ಲಿ ಸ್ಟೋಕ್‌ನಲ್ಲಿ ತಯಾರಾದ ಇನ್ನೊಂದು ಬ್ಯಾಟರಿ ಇಂಜಿನ್ ಓಕಮೂರ್‌ನ ತಾಮ್ರದ ಕಾರ್ಖಾನೆಯಲ್ಲಿ 1960ರ ದಶಕದವರೆಗೆ ವ್ಯಾಗನ್ ಎಳೀತು. ಲಂಡನ್ ಅಂಡರ್‌ಗ್ರೌಂಡ್‌ನಲ್ಲಿ ರಾತ್ರಿ ಕರೆಂಟ್ ತೆಗೆದ ಮೇಲೆ ರಿಪೇರಿ ಸಾಮಾನು ಎಳೆಯೋದು ಇವತ್ತಿಗೂ ಬ್ಯಾಟರಿ ಇಂಜಿನ್ನೇ. ಅವಕ್ಕೂ ಹೋಗಿ "ಆಟಿಕೆ" ಅನ್ನಿ.

5/5
ಈಗ ನನ್ನ ಹೊಟ್ಟೆ ಉರಿಸಿದ ವಿಷಯ. ತಾತ ಬಹಳ ವರ್ಷ ಉಗಿಯನ್ನೇ ಓಡಿಸಿದವರು. ಈಗ ಕೈ ನಡುಗುತ್ತೆ. ಗ್ಯಾಸ್ ತುಂಬುವಾಗ ಚೆಲ್ಲುತ್ತೆ, ಹೋದ ಚಳಿಗಾಲದಲ್ಲಿ ಎರಡು ಬೆರಳು ಸುಟ್ಕೊಂಡ್ರು. ಅದಕ್ಕೇ ಬ್ಯಾಟರಿ ಇಂಜಿನ್ ತಗೊಂಡ್ರು. ಅದನ್ನ ಭಾನುವಾರದ ಕೂಟಕ್ಕೆ ಒಯ್ದಾಗ ಹಳೇ ಗೆಳೆಯರೊಬ್ಬರು ಎಲ್ಲರೆದುರಿಗೆ "ಹಾಗಾದ್ರೆ ರೈಲು ಬಿಟ್ಟುಬಿಟ್ಟಿರಿ ಅನ್ನಿ" ಅಂದರಂತೆ. ಅವತ್ತಿಂದ ತಾತ ಆ ಕಡೆ ಹೋಗಿಲ್ಲ. ನಿಮ್ಮ "ಮೋಸ ಗುರು" ಓದಿದಾಗ ನನಗೆ ಕಿವಿಗೆ ಬಿದ್ದಿದ್ದು ಅದೇ ಮಾತು. ಕೈ ಗಟ್ಟಿ ಇದ್ದವನಿಗೆ ಮಾತ್ರ ರೈಲು ಅಂತ ಯಾರು ಬರೆದಿಟ್ಟಿದ್ದಾರೆ?

ಈ ಭಾನುವಾರ ಗಾಳಿ ಜೋರಿಲ್ಲದಿದ್ರೆ ಲೈವ್ ಬರ್ತೀನಿ. ತಾತ ಕುರ್ಚೀಲಿ ಕೂತು ರಿಮೋಟ್ ಹಿಡೀತಾರೆ. ಉಗಿ ಇಂಜಿನ್ನಿಗೆ ಗ್ಯಾಸ್ ತುಂಬಿ ಬೆಂಕಿ ಹಚ್ಚೋ ಕೆಲಸ ನನಗೆ ಬಂದಿದೆ. ಹೋದ ಸಲ ನಾನು ಎಣ್ಣೆ ಹಾಕೋದು ಮರೆತು ಸರಿಯಾಗಿ ಬೈಸ್ಕೊಂಡೆ.

#ಹಿತ್ತಲರೈಲು #ಉಗಿಬಂಡಿ #ಬ್ಯಾಟರಿಯೂರೈಲೇ